ಬಿಳಿ ಬಟ್ಟೆಯ ಬಿಲ್ಲೆ

ಬಿಸಿಲು ಕುದುರೆಯ ಬೆನ್ನ ಮೇಲೆ ಬಿದ್ದಿದೆ, ಮನೆಯ ಕೇಪಿನ ಕೋವಿಯಲ್ಲಿ ಕೇಪಿಗೆ ಬಡಿಯುವ ಕುದುರೆ, ಹೆಬ್ಬೆರಳಿನಿಂದ ಹಿಂದಕ್ಕೆಳೆದರೆ ಟಕ್ ಎಂದು ನಿಲ್ಲುತ್ತದೆ, ವರ್ಷವಿಡೀ ಗೋಡೆಗೆ ತೂಗಿದ್ದರೂ ಸರಿಯಾಗಿಯೇ ನಿಲ್ಲುತ್ತದೆ — ಕೋವಿ ರಿಪೇರಿಯ ಮುದುಕ ಬೆಂಚಿನ ಧೂಳನ್ನು ಅಂಗೈಯಿಂದ ಸರಿಸಿದ, ಅಲ್ಲೇ ಹೆಂಡತಿಯ ಕತ್ತರಿ, ಕತ್ತರಿಯ ಬಾಯಲ್ಲಿ ಇನ್ನೂ ಒಂದು ಬಿಳಿ ಎಳೆ. ಹಳೆಯ ದಿಂಬಿನ ಚೀಲದಿಂದ ನಾಣ್ಯದಗಲದ ಬಿಲ್ಲೆ ಕತ್ತರಿಸುತ್ತಿದ್ದಳು, ನಾಲಿಗೆಗೆ ತಾಗಿಸಿ ಒದ್ದೆ ಮಾಡಿ, ಗುಂಡಿಗೆ ಸುತ್ತಿ ನಳಿಗೆಗೆ ಇಳಿಸುತ್ತಿದ್ದಳು. ಅವನು ರಿಪೇರಿ ಮಾಡಿದ ಪ್ರತಿ ಕೋವಿಗೂ ಹಿತ್ತಲಲ್ಲಿ ಮೊದಲ ಈಡು ಅವಳದೇ, ನಿಮ್ಮನ್ನ ನಂಬಿ ಗಿರಾಕಿ ಕಣ್ಣು ಕಳ್ಕೊಳ್ಳೋಕಾಗುತ್ತಾ ಎಂದು ನಗುತ್ತಿದ್ದಳು. ಮೊದಲು ಕರಿ ಮದ್ದು, ಆಮೇಲೆ ಬಟ್ಟೆ ಸುತ್ತಿದ ಗುಂಡು, ಗಜದ ಕೋಲು ಹಾಕಿ ಜಡಿಯುವುದು, ಕೊನೆಗೆ ಕಿಡಿ ಕೊಡುವ ಕೇಪು — ಈಡು ತುಂಬುವಾಗ ಬಾಯಿಗೆ ಬೀಗ, ಮದುವೆಯಾದಾಗಿನಿಂದ ಒಮ್ಮೆಯೂ ತಪ್ಪಿದವಳಲ್ಲ. ಆ ದಿನ ಈ ಕೋವಿಯಲ್ಲಿ ಕೇಪು ಮಾತ್ರ ಠಪ್ಪೆಂದಿತು, ಗುಂಡು ಹಾರಲಿಲ್ಲ. ರೀ, ನಿಮ್ಮ ತೊಟ್ಟು ಕಟ್ಕೊಂಡಿದೆ, ಕಿಡಿ ಒಳಗೆ ಹೋಗ್ತಿಲ್ಲ. ಕೇಪು ಕೂರುವ ಆ ತೊಟ್ಟನ್ನು ಅವನೇ ಹೊಸದಾಗಿ ಕೊರೆದು ಕೂರಿಸಿದ್ದ, ಮನಸ್ಸು ಚುರ್ರೆಂದಿತು, ನಾಳೆ ಬಿಚ್ಚಿ ನೋಡ್ತೀನಿ ಬಿಡು ಎಂದ, ಅವಳು ಹಣೆ ಒತ್ತಿಕೊಂಡು, ಯಾಕೋ ಬಿಸಿಲು ಜಾಸ್ತಿ ಎನ್ನುತ್ತ ಒಳಗೆ ಹೋದಳು. ವಾರದೊಳಗೆ ಆಸ್ಪತ್ರೆ, ತಲೆಯೊಳಗೆ ರಕ್ತ ಜಿನುಗಿದೆ, ಸ್ವಲ್ಪ ಮೊದಲೇ ಕರ್ಕೊಂಡು ಬಂದಿದ್ರೆ ಎಂದರು ಡಾಕ್ಟರು, ನಿಮಗೇನೂ ಗೊತ್ತಾಗ್ಲಿಲ್ವಾ, ಏನಾದ್ರೂ ಮರೆಯೋದು, ತಪ್ಪು ಮಾಡೋದು? ಇಲ್ಲ ಡಾಕ್ಟ್ರೇ, ಮರೆವು ನನಗೆ, ಅವಳಿಗಲ್ಲ. ಹಾಗೆಂದು ಅವನು ಹೆಮ್ಮೆಯಿಂದಲೇ ಹೇಳಿದ್ದ.

ಅಪ್ಪ, ಮಗು ಓಡಾಡೋ ಮನೇಲಿ ಈಡು ತುಂಬಿದ ಕೋವಿ ಬೇಡ, ಇವತ್ತು ತೆಗೆದುಬಿಡು — ಮಗಳು ಹೇಳುವುದೂ ಸರಿಯೇ, ಆದರೆ ಅದು ಹೋದ ವರ್ಷ ತೀರಿಕೊಂಡ ಅವಳಮ್ಮ ಕೈಯಾರೆ ತುಂಬಿಟ್ಟ ಕೊನೆಯ ಈಡು, ತೆಗೆದರೆ ಅವಳು ಮಾಡಿಟ್ಟದ್ದು ಇನ್ನೇನೂ ಉಳಿಯುವುದಿಲ್ಲ. ಕೀ ಹಾಕಿ ತೊಟ್ಟು ತಿರುಗಿಸಿದ, ಬಂತು, ಕಿಟಕಿಗೆ ಹಿಡಿದರೆ ತೂತಿನ ತುಂಬ ಬೆಳಕು, ಕಟ್ಟಿಕೊಂಡೇ ಇರಲಿಲ್ಲ, ನೋಡೇ, ವರ್ಷವೆಲ್ಲ ಇದೇ ಕೊರಗು ನನಗೆ, ನನ್ನ ಕೆಲಸ ಸರಿಯಾಗೇ ಇತ್ತು ಕಣೇ — ಗಜ ಇಳಿಸಿದ, ಈಡಿದ್ದಾಗ ಎಲ್ಲಿ ನಿಲ್ಲಬೇಕೆಂದು ಗಜದ ಮೇಲೆ ಅವಳೇ ಹಾಕಿದ್ದ ಗೀರು ನಳಿಗೆಯೊಳಗೆ ಮುಳುಗಿಹೋಯಿತು, ಇಷ್ಟು ಕೆಳಗೆ ಹೋಗಬಾರದು, ಕಣ್ಣು ಮಂಜಾಗಿರಬೇಕು — ಗಜದ ತುದಿಗೆ ತಿರುಪು ಸಿಕ್ಕಿಸಿ, ಸೀಸದ ಗುಂಡಿಗೆ ಕೊರೆದು ಎಳೆದ, ಬಟ್ಟೆಯ ಸಮೇತ ಬಂತು. ನಳಿಗೆಯನ್ನು ಕಾಗದದ ಮೇಲೆ ಬಗ್ಗಿಸಿ ತಟ್ಟಿದ, ಇನ್ನೊಮ್ಮೆ ತಟ್ಟಿದ. ಒಂದು ಕಾಳು ಮದ್ದಿಲ್ಲ. ಹಾಕಿಯೇ ಇಲ್ಲ, ಮರೆತಿದ್ದಾಳೆ, ಅವಳು, ಮರೆತಿದ್ದಾಳೆ — ಅಂದೇ ಬಿಚ್ಚಿದ್ದರೆ, ಎಷ್ಟು ಹೊತ್ತಿನ ಕೆಲಸ, ಊಟಕ್ಕೆ ಮೊದಲೇ ಗೊತ್ತಾಗುತ್ತಿತ್ತು, ಇವಳು ಮರೆಯುವವಳಲ್ಲ, ಏನೋ ಆಗಿದೆ ಇವಳಿಗೆ, ಎದ್ದೇಳೇ, ಚಪ್ಪಲಿ ಹಾಕ್ಕೋ, ಡಾಕ್ಟರ ಹತ್ರ ಹೋಗೋಣ, ಕೋವಿ ಹೇಳುತ್ತಲೇ ಇತ್ತು, ಇಲ್ಲೇ, ಕೈಗೆಟುಕುವ ಗೋಡೆಯಲ್ಲಿ — ಅಪ್ಪ, ಆಯ್ತಾ, ಒಳಗಿನಿಂದ ಮಗಳು, ಆಯ್ತಮ್ಮ — ಅಂಗೈಯಲ್ಲಿ ಬಿಲ್ಲೆ ಬಿಡಿಸಿದ, ಮದ್ದಿನ ಮೇಲೆ ಕೂತಿದ್ದರೆ ಕರ್ರಗಾಗಿರಬೇಕಿತ್ತು, ಕೇಪಿನ ಕಿಡಿ ತಾಗಿದಲ್ಲಿ ಸಾಸಿವೆಯಷ್ಟು ಕಪ್ಪು, ಉಳಿದದ್ದೆಲ್ಲ ಬಿಳಿ, ಅವಳ ನಾಲಿಗೆಗೆ ತಾಗಿದ್ದು, ಅವಳು ಕತ್ತರಿಸಿದಾಗ ಇದ್ದಂತೆಯೇ, ಬಿಳಿ