ಜಿತೇಶನ ಆ್ಯಪ್

ಜಿತೇಶ ಕೋಡ್ ಬರೆಯುವುದಿಲ್ಲ, ಬಾಯಲ್ಲಿ ಹೇಳಿ ಕಂಪ್ಯೂಟರಿನಿಂದ ಬರೆಸುತ್ತಾನೆ. ಹೋಟೆಲಿನಲ್ಲಿ ಕಾಲು ಚಾಚಿ ಕೂತು ಎರಡು ನೀರುದೋಸೆ, ಒಂದು ಚಹಾ ಎಂದ ಹಾಗೆ. ಇಂಥವನನ್ನೂ ಇಂಜಿನಿಯರ್ ಎನ್ನಬೇಕಂತೆ, ಥೂ!

ಸಮುದಾಯದ ಸಂಘದ ವಧೂವರರ ವೆಬ್‌ಸೈಟನ್ನು ಸ್ನೇಹಲತಾ ಕಟ್ಟಿದ್ದು ಮಣ್ಣಗುಡ್ಡದ ಮನೆಯಲ್ಲಿ ಮೋಡೆಮ್ ಕಿರುಚುತ್ತಿದ್ದ ಕಾಲದಲ್ಲಿ. ಒಂದು ಫೋಟೋ ಪೂರ್ತಿ ತೆರೆದುಕೊಳ್ಳುವಷ್ಟರಲ್ಲಿ ಒಲೆಯ ಮೇಲೆ ಅನ್ನ ಬೆಂದಿರುತ್ತಿತ್ತು. ಜನ ಮೊಬೈಲಿನಲ್ಲಿ ನೋಡತೊಡಗಿದಾಗ ಎಲ್ಲವನ್ನೂ ಬಿಚ್ಚಿ ಅಂಗೈಯಗಲದ ಪರದೆಗೆ ಹೊಂದಿಸಿದಳು. ಆ್ಯಪ್ ಬೇಕೆಂದಾಗ ಕನ್ನಡಕ ಏರಿಸಿಕೊಂಡು ಅದನ್ನೂ ಕಲಿತಳು. ಅಷ್ಟೆಲ್ಲ ಆದ ಮೇಲೆ ಸಂಘದ ಅಧ್ಯಕ್ಷ ನಿತ್ಯಾನಂದ, ಅವಳ ಅಕ್ಕನ ಗಂಡ, ಮನೆಗೆ ಬಂದು ಸಲೀಸಾಗಿ ಹೇಳಿದ:

"ಸ್ನೇಹಾ, ನಿನ್ನದು ಹಳತಾಯ್ತು ಮಾರಾಯ್ತಿ. ಜಿತೇಶ ಒಂದು ವಾರದಲ್ಲಿ ಹೊಸತು ಮಾಡಿ ಕೊಡ್ತಾನೆ. ಭಾನುವಾರ ಉದ್ಘಾಟನೆ. ನಿನ್ನದನ್ನು ಅವತ್ತೇ ಬಂದ್ ಮಾಡುವ."

ಬಂದ್ ಮಾಡುವುದಂತೆ! ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆ ಸೈಟ್ ಹೋದರೆ ಸಂಘದಲ್ಲಿ ಅವಳು ಯಾರು? ಅಧ್ಯಕ್ಷರ ನಾದಿನಿ, ಅಷ್ಟೆ.

ಶನಿವಾರ ಸಂಜೆ ನಿತ್ಯಾನಂದನ ಮಗಳು ಚೈತಾಲಿ ಫೋನ್ ಹಿಡಿದುಕೊಂಡು ಬಂದಳು. "ಚಿಕ್ಕಮ್ಮಾ, ನಾಳೆ ಸ್ಟೇಜಲ್ಲಿ ನನ್ನ ಪ್ರೊಫೈಲೇ ತೋರಿಸ್ತಾರಂತೆ. ಎಲ್ಲ ಸರಿ ಉಂಟಾ ಒಮ್ಮೆ ನೋಡಿ. ನೀವು ನೋಡಿದ್ರೆ ನನಗೊಂದು ಧೈರ್ಯ."

ಸ್ನೇಹಲತಾಳಿಗೆ ತಪ್ಪು ಕಣ್ಣಿಗೇ ಹೊಡೆಯಿತು. ಅವರಲ್ಲಿ ಬಳಿ ಎಂಬ ಕುಲ ಬರುವುದು ತಾಯಿಯಿಂದ. ಒಂದೇ ಬಳಿಯವರೆಂದರೆ ಅಣ್ಣತಂಗಿಯರ ಹಾಗೆ, ಮದುವೆಯ ಮಾತೇ ಇಲ್ಲ. ಅವಳ ಸೈಟಿನಲ್ಲಿ ತಾಯಿಯ ಬಳಿ ತುಂಬಿಸದೆ ಮುಂದಿನ ಪುಟವೇ ತೆರೆಯುತ್ತಿರಲಿಲ್ಲ. ಜಿತೇಶನ ಆ್ಯಪ್ ಚೈತಾಲಿಗೂ ಉಳಿದವರಿಗೂ ತಂದೆಯ ಬಳಿ ಅಂಟಿಸಿತ್ತು. ಅವನೇನು ಹೊರಗಿನವನೇ? ನಮ್ಮವನೇ. ಆದರೆ ನಿನ್ನ ಬಳಿ ಯಾವುದೆಂದು ಕೇಳಿದರೆ ಅಮ್ಮನಿಗೆ ಫೋನ್ ಮಾಡುವ ಗಿರಾಕಿ! ಇವನು ಊರಿಗೆಲ್ಲ ಸಂಬಂಧ ಕೂಡಿಸುತ್ತಾನಂತೆ.

ಬೀಳಲಿ, ಎಲ್ಲರೆದುರು ಮಕಾಡೆ ಬೀಳಲಿ ಎಂದುಕೊಂಡಳು.

"ಚಂದ ಉಂಟು," ಎಂದು ಫೋನ್ ವಾಪಸ್ ಕೊಟ್ಟಳು.

ಭಾನುವಾರ ಸಭಾಂಗಣ ತುಂಬಿತ್ತು. ಸ್ನೇಹಲತಾ ಒಳ್ಳೆಯ ಸೀರೆ ಉಟ್ಟು, ನಾಟಕಕ್ಕೆ ಬಂದವಳಂತೆ ಎರಡನೇ ಸಾಲಿನಲ್ಲಿ ಕುಳಿತಳು. ವೇದಿಕೆಯಲ್ಲಿ ಮಗಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ನಿತ್ಯಾನಂದ ಗುಂಡಿ ಒತ್ತಿದ. ಪರದೆಯಲ್ಲಿ ಚೈತಾಲಿಯ ಮುಖ ಬಂತು, ಗುಲಾಬಿ ಬಣ್ಣದ ಹೃದಯಗಳು ಹಾರಾಡಿದವು. ನೂರಕ್ಕೆ ತೊಂಬತ್ತೆಂಟು ಹೊಂದಾಣಿಕೆ! ಅದರ ಕೆಳಗೆ ವರನ ಫೋಟೋ ಮೂಡಿತು.

ಕೌಶಲ್. ಸ್ನೇಹಲತಾಳ ಮಗ.

"ಇಸ್ಸಿ! ಅಕ್ಕತಂಗಿಯರ ಮಕ್ಕಳಲ್ವಾ ಮಾರಾಯ್ರೆ!" ಎಂದು ಮುಂದಿನ ಸಾಲಿನಿಂದ ಯಾರೋ ಕೂಗಿದರು. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಚೈತಾಲಿ ಸೆರಗಿನ ತುದಿ ಹಿಡಿದು, ತಲೆ ತಗ್ಗಿಸಿ ನಿಂತಳು. ಸ್ನೇಹಲತಾ ಕಾದಿದ್ದು ಇದೇ ನಗುವಿಗೆ. ಈಗ ಅದನ್ನು ಕೇಳಲಾಗಲಿಲ್ಲ.

ಜಿತೇಶನಿಗೆ ನಾಚಿಕೆಯಾದರೂ ಆಯಿತೇ? ಎಲ್ಲಿಯ ನಾಚಿಕೆ! ಮೈಕ್ ತೆಗೆದುಕೊಂಡು, "ಸಾರಿ, ಸಣ್ಣ ಬಗ್. ಸ್ನೇಹಾ ಆಂಟೀ, ರೂಲ್ ಎಂತ? ಒಂದೇ ಲೈನಲ್ಲಿ ಹೇಳಿ," ಎಂದ.

ಎಲ್ಲರೂ ತಿರುಗಿ ನೋಡಿದರು. ಅವಳು ಎದ್ದು ನಿಲ್ಲಲೇಬೇಕಾಯಿತು. "ಬಳಿ ತಾಯಿಯದ್ದು. ಒಂದೇ ಬಳಿಯವರನ್ನು ಕೂಡಿಸಬಾರದು."

ಅವನು ಅದನ್ನೇ ಫೋನಿಗೆ ಹೇಳಿದ. ಬಾದಾಮಿ ಹಾಲಿನ ಲೋಟಗಳು ಹಿಂದಿನ ಸಾಲಿಗೆ ಮುಟ್ಟುವ ಮೊದಲೇ ಕೌಶಲ್ ಮಾಯವಾಗಿ, ಬೇರೆ ಬಳಿಯ ಒಬ್ಬ ಹುಡುಗ ನಗುತ್ತಿದ್ದ. "ನೋಡಿ, ಇದಕ್ಕೆ ಹೇಳುವುದು ಟೆಕ್ನಾಲಜಿ!" ಎಂದ ನಿತ್ಯಾನಂದ. ಚಪ್ಪಾಳೆಯೋ ಚಪ್ಪಾಳೆ. ಅವಳ ಇಷ್ಟು ವರ್ಷದ ವಿದ್ಯೆ ಒಂದು ಮಾತಿನಲ್ಲಿ ಮುಗಿದುಹೋಗಿತ್ತು. ಹಳೆಯ ಸೈಟನ್ನು ಅಲ್ಲೇ, ಅವಳೆದುರೇ, ಬಂದ್ ಮಾಡಿದರು.

ಚೈತಾಲಿ ವೇದಿಕೆ ಇಳಿದು ನೇರ ಅವಳ ಹತ್ತಿರ ಬಂದಳು.

"ಚಿಕ್ಕಮ್ಮಾ, ನಿನ್ನೆಯೇ ನಿಮಗೆ ತಪ್ಪು ಕಂಡಿತ್ತಲ್ಲಾ?"

ಸ್ನೇಹಲತಾ ಸೀರೆಯ ನೆರಿಗೆ ಸರಿಮಾಡಿಕೊಂಡಳು.

"ಜಿತೇಶನಿಗೆ ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿತ್ತು," ಎಂದು ಚೈತಾಲಿ ಅಮ್ಮನ ಪಕ್ಕ ಹೋಗಿ ಕುಳಿತಳು.