ಹಳದಿ ಅಂಗಿಯ ಬೆಲೆಚೀಟಿ

ಬಿಸಿ ಇರಬೇಕು, ಬೆಳ್ಳಿ ಹಾಳೆ ಮುಚ್ಚಿದ ಮ್ಯಾಕರೋನಿ ಪಾತ್ರೆಯ ಅಂಚಿನಿಂದ ಹಬೆ ಏಳುತ್ತಿದೆಯಲ್ಲ, ಆದರೂ ವರ್ನೀಸಳ ಅಂಗೈಗೆ ಏನೂ ಗೊತ್ತಾಗುತ್ತಿಲ್ಲ, ಚರ್ಚಿನಲ್ಲಿ ಹಾಡುವಾಗ ಪಕ್ಕಕ್ಕೆ ನಿಲ್ಲುವ ಹ್ಯಾಟಿ ಬಾಗಿಲಲ್ಲೇ ಅಯ್ಯೋ ಬಟ್ಟೆ ಹಿಡ್ಕೊಂಡು ತಗೋಳೇ, ಈಗಿನ್ನೂ ಓವನ್ನಿಂದ ತೆಗ್ದಿದ್ದು, ಬೊಬ್ಬೆ ಬಂದೀತು ಅಂದಾಗಲೂ ಗೊತ್ತಾಗಲಿಲ್ಲ, ಈಗ ಅಡುಗೆಮನೆಯಲ್ಲಿ ಅದನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದಾಳೆ, ಜಾಗವೇ ಇಲ್ಲ, ಮೂರು ಮನೆಯವರು ಕರಿದ ಕೋಳಿ ತಂದಿದ್ದಾರೆ, ಸೊಪ್ಪು ಬೇಯಿಸಿ ತಂದಿದ್ದಾರೆ, ಬೆಣ್ಣೆ ಕೇಕುಗಳು ಒಂದರ ಮೇಲೊಂದು, ಪ್ರತಿ ಪಾತ್ರೆಯ ತಳಕ್ಕೂ ಹೆಸರು ಬರೆದ ಅಂಟುಪಟ್ಟಿ, ಸಾವಿನ ಮನೆಯಿಂದ ಪಾತ್ರೆ ತಿರುಗಿ ಹೋಗಬೇಕಲ್ಲ, ಅಕ್ಕ ಆರ್ಡೆಲ್ ಇದ್ದಿದ್ದರೆ ಹ್ಯಾಟಿ ಮ್ಯಾಕರೋನಿನ ಹಿಂದಕ್ಕಿಡೇ ವರ್ನಿ, ಅದ್ರಲ್ಲಿ ಚೀಸೂ ಇಲ್ಲ ಪ್ರೀತೀನೂ ಇಲ್ಲ ಅನ್ನುತ್ತಿದ್ದಳು, ವರ್ನೀಸ್ ಅದನ್ನು ಹಿಂದಕ್ಕೇ ಇಡುತ್ತಾಳೆ, ಅಕ್ಕ ಹೋಗಿ ಒಂದು ವಾರವಾಗುತ್ತ ಬಂತು, ನಾಳೆ ಬೆಳಿಗ್ಗೆ ಚರ್ಚಿನಲ್ಲಿ ಬೀಳ್ಕೊಡುಗೆ, ಅಳು ಬಂದಿಲ್ಲ, ಆಸ್ಪತ್ರೆಯಲ್ಲೂ ಬರಲಿಲ್ಲ, ಶವಪೆಟ್ಟಿಗೆ ಆರಿಸುವಾಗಲೂ ಬರಲಿಲ್ಲ, ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ತನ್ನದೋ ಅಲ್ಲವೋ ಎಂದು ಮುಟ್ಟಿ ಮುಟ್ಟಿ ನೋಡಿಕೊಳ್ಳುವ ಹಾಗೆ ಆಗಾಗ ಒಳಗೆ ಮುಟ್ಟಿ ನೋಡಿಕೊಳ್ಳುತ್ತಾಳೆ, ಏನೂ ಇಲ್ಲ — ಆಂಟೀ, ಆಂಟಿ ವರ್ನೀಸ್, ಬಾ ಬೇಗ, ಸಿಕ್ತು, ಉದ್ದಂದು ಸಿಕ್ತು — ಅದು ಡೆನೀಟ್ರಾ, ಅಕ್ಕನ ಮಗಳು, ಮುಂದಿನ ಕೋಣೆಯಿಂದ ಕೂಗುತ್ತಿದ್ದಾಳೆ, ಸಿಕ್ಕಿದ್ದು ಏನೆಂದು ವರ್ನೀಸಳಿಗೆ ಗೊತ್ತು, ಮೂರು ದಿನದಿಂದ ಅವಳು ಹುಡುಕುತ್ತಿರುವುದು ಅದೊಂದನ್ನೇ, ಹಳೆಯ ಟಿವಿ ಕುಣಿತದ ಕಾರ್ಯಕ್ರಮದಲ್ಲಿ ಹಾಡು ನಿಂತ ದಿನದ ಕ್ಲಿಪ್ಪು, ನಾಳೆ ಪಾದ್ರಿಯ ಮಾತು ಮುಗಿದ ಮೇಲೆ ದೊಡ್ಡ ಪರದೆಯಲ್ಲಿ ತೋರಿಸಬೇಕಂತೆ, ಹಳದಿ ಅಂಗಿಯ ಆರ್ಡೆಲ್.

ಸೋಫಾದಲ್ಲಿ ಕೂರು ಆಂಟಿ, ಇದುವರೆಗೂ ನಾವೆಲ್ಲ ನೋಡ್ತಿದ್ದಿದ್ದು ಬರೀ ಬಾಲ, ಇದ್ರಲ್ಲಿ ಹಾಡು ಶುರುವಾಗೋಕ್ಮುಂಚಿಂದಾನೂ ಇದೆ, ಯಾರೋ ಪುಣ್ಯಾತ್ಮ ಹಳೇ ಟೇಪಿಂದ ಹಾಕಿದಾನೆ — ಡೆನೀಟ್ರಾ ಟಿವಿಗೆ ಏನೋ ಜೋಡಿಸುತ್ತಿದ್ದಾಳೆ, ಅವಳ ಬೆರಳಲ್ಲಿ ಕೆಂಪು ಹರಳಿನ ಉಂಗುರ, ಅದು ಮಮ್ಮಾನದು, ಮಮ್ಮಾ ಆರ್ಡೆಲ್‌ಗೆ ಹದಿನಾರು ತುಂಬಿದಾಗ ಕೊಟ್ಟಿದ್ದು, ಆರ್ಡೆಲ್ ಹಿಟ್ಟು ನಾದುವಾಗಲೂ ತೆಗೆಯುತ್ತಿರಲಿಲ್ಲ, ಆಸ್ಪತ್ರೆಯ ನರ್ಸು ಸೋಪು ಹಚ್ಚಿ ತೆಗೆಯಬೇಕಾಯಿತು, ಕೆಂಪು ಚುಕ್ಕೆ ಈಗ ಟಿವಿಯ ಮುಂದೆ ಆ ಕಡೆ ಈ ಕಡೆ ಓಡುತ್ತದೆ, ಪರದೆ ಬೆಳಗುತ್ತದೆ, ಸೋಲ್ ಬುಲೆವಾರ್ಡ್ ಎಂಬ ಉಬ್ಬು ಅಕ್ಷರಗಳು, ಕಾರ್ಯಕ್ರಮದ ಹೆಸರು, ಆ ಅಕ್ಷರಗಳ ಹಿಂದೆ ನಿಂತರೆ ಬಣ್ಣದ ವಾಸನೆ ಬರುತ್ತಿತ್ತು, ಪ್ಲೈವುಡ್, ಮುಟ್ಟಿದರೆ ಅಲ್ಲಾಡುತ್ತಿತ್ತು, ಟಿವಿಯಲ್ಲಿ ಮಾತ್ರ ಬೀದಿಯಷ್ಟು ಉದ್ದ, ಶನಿವಾರ ಬೆಳಿಗ್ಗೆ ಲಾಸ್ ಏಂಜಲೀಸಿನ ದಕ್ಷಿಣದ ನಮ್ಮ ಬೀದಿಗಳಲ್ಲಿ ಹುಲ್ಲು ಕತ್ತರಿಸುವ ಸದ್ದು ಕೂಡ ನಿಲ್ಲುತ್ತಿತ್ತು, ಎಲ್ಲ ಮನೆಯಲ್ಲೂ ಅದೇ ಹಾಡು, ಅದೇ ಕುಣಿತ, ಕನ್ನಡಿಯಲ್ಲಿ ನೋಡುವ ಮುಖಗಳೇ ಟಿವಿಯಲ್ಲೂ, ಅಲ್ಲಿ ಕುಣಿಯುತ್ತಿದ್ದವರು ಬೇರೆ ಯಾರೂ ಅಲ್ಲ, ಶಾಲೆಯ ಹುಡುಗ ಹುಡುಗಿಯರು, ಪಾರ್ಕಿನಲ್ಲಿ ಆರಿಸಿದವರು, ಅವರಲ್ಲಿ ಈ ಅಕ್ಕ ತಂಗಿಯೂ, ಸಂಬಳ ಇಲ್ಲ, ಮಧ್ಯಾಹ್ನಕ್ಕೆ ರಟ್ಟಿನ ಡಬ್ಬಿಯಲ್ಲಿ ಕರಿದ ಕೋಳಿ, ಒಂದು ಸೋಡಾ, ಅಷ್ಟೇ, ಒಂದೇ ವಾರಾಂತ್ಯದಲ್ಲಿ ಒಂದು ತಿಂಗಳಿಗಾಗುವಷ್ಟು ಚಿತ್ರೀಕರಣ, ಹೆಡ್‌ಫೋನಿನ ದಪ್ಪ ಮನುಷ್ಯ ಕೂಗುತ್ತಿದ್ದ, ಗಮ್ ಅಗಿಯೋರು ಉಗೀರಿ, ಕ್ಯಾಮೆರಾನ ನುಂಗೋ ಹಂಗೆ ನೋಡ್ಬೇಡಿ, ಬೆವರಿದ್ರೆ ಒರೆಸ್ಕೋಬೇಡಿ, ಬೆವರೇ ಇಲ್ದೆ ಕುಣಿಯೋದು ಹೆಣಗಳು — ಆದರೆ ಬೆವರಿದರೆ ಸೋಮವಾರ ಕಷ್ಟ, ಯಾಕೆಂದರೆ ಅಂಗಿ ಅವರದಲ್ಲ, ಯಾರದೂ ಅವರದಲ್ಲ, ಶುಕ್ರವಾರ ಸಂಜೆ ಪೇಟೆಯ ದೊಡ್ಡ ಅಂಗಡಿಯಿಂದ ತಂದು, ಬೆಲೆಚೀಟಿಯನ್ನು ಕತ್ತರಿಸದೆ ಕಾಲರಿನ ಒಳಗೆ ಮಡಚಿ, ಎರಡು ದಿನ ಕುಣಿದು, ಕಂಕುಳಿಗೆ ಪೌಡರು ಹಾಕಿ ಕೊಡವಿ, ಸೋಮವಾರ ಅಳತೆ ಸರಿ ಹೋಗ್ಲಿಲ್ಲ ಮೇಡಂ ಎಂದು ತಿರುಗಿ ಕೊಟ್ಟುಬಿಡುವುದು, ಅಂಗಡಿಯ ಹೆಂಗಸು ಮೂಗಿಗೆ ಹಿಡಿದು ಹಾಕ್ಕೊಂಡಿದ್ಯೇನೇ ಇದನ್ನ ಅಂದರೆ, ಆರ್ಡೆಲ್ ಕಣ್ಣು ಮಿಟುಕಿಸದೆ ಚರ್ಚಿಗೆ ಹೋಗೋಳು ನಾನು, ಇಂಥದ್ದನ್ನ ಹಾಕ್ಕೊಂಡ್ರೆ ನಮ್ಮಮ್ಮ ಬಿಟ್ಟಾಳೇ ಅಂದಳು, ಹೊರಗೆ ಬಂದು ಅಕ್ಕ ತಂಗಿ ಇಬ್ಬರೂ ಬಸ್ ನಿಲ್ದಾಣದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು, ಆಗ ನಗು ಹೊಟ್ಟೆಯಲ್ಲಿ ನೋಯುತ್ತಿತ್ತು.

ನೋಡು ಆಂಟಿ, ಲಿನ್‌ವುಡ್ ಪೇಸ್ ಬಂದ — ಹೌದು, ಬಂದ, ಆ ದಿನದ ಹಾಡುಗಾರ, ಬಿಳಿ ಸೂಟು, ಎದೆಯವರೆಗೆ ಗುಂಡಿ ಬಿಚ್ಚಿದ್ದಾನೆ, ಅವನ ಕೈಯಲ್ಲಿದ್ದ ಮೈಕಿಗೆ ತಂತಿಯೇ ಇರಲಿಲ್ಲ, ಅಲ್ಲಿ ಯಾರೂ ನಿಜಕ್ಕೆ ಹಾಡುತ್ತಿರಲಿಲ್ಲ, ರೆಕಾರ್ಡು ಹಾಡುತ್ತಿತ್ತು, ಹಾಡುಗಾರರು ತುಟಿ ಆಡಿಸುತ್ತಿದ್ದರು, ಅದು ಎಲ್ಲರಿಗೂ ಗೊತ್ತಿತ್ತು, ಆ ದಿನ ಎರಡನೆಯ ಚರಣದ ನಡುವೆ ರೆಕಾರ್ಡು ನಿಂತುಹೋಯಿತು, ಸುಮ್ಮನೆ ನಿಂತಿತು, ಹೆಡ್‌ಫೋನಿನವನು ಕೈ ಎತ್ತಿದ, ಕುಣಿತ ನಿಲ್ಲಬೇಕಿತ್ತು, ಆದರೆ ಲಿನ್‌ವುಡ್ ಪೇಸ್ ತುಟಿ ನಿಲ್ಲಿಸಲಿಲ್ಲ, ತುಟಿಯ ಹಿಂದಿನಿಂದ ದನಿ ಬಂತು, ರೆಕಾರ್ಡಿನಲ್ಲಿದ್ದುದಕ್ಕಿಂತ ದಪ್ಪ, ಒಡಕು, ಅಪ್ಪ ಬಚ್ಚಲಲ್ಲಿ ಹಾಡುತ್ತಿದ್ದಂಥ ದನಿ, ಹಿಂದೆ ಯಾರೋ ಚಪ್ಪಾಳೆಯಲ್ಲಿ ತಾಳ ಹಿಡಿದರು, ಚರ್ಚಿನಲ್ಲಿ ಹಿಡಿಯುವ ಹಾಗೆ, ಎರಡನೆಯ ಪೆಟ್ಟಿಗೆ, ನಾಲ್ಕನೆಯ ಪೆಟ್ಟಿಗೆ, ಆಮೇಲೆ ಎಲ್ಲರೂ ಹಿಡಿದರು, ಕಾಲುಗಳು ಹಲಗೆಯ ಮೇಲೆ ಡೋಲಾದವು, ಚಪ್ಪಾಳೆ ಹಿಡಿಯಲೆಂದು ಮೇಲೆ ತೂಗುಹಾಕಿದ್ದ ಮೈಕೇ ಅವನ ದನಿಯನ್ನೂ ಹಿಡಿಯಿತು, ಅದಕ್ಕೇ ಕ್ಲಿಪ್ಪಿನಲ್ಲಿ ಅದು ದೂರದಿಂದ ಬಂದಂತೆ ಕೇಳುತ್ತದೆ, ಹಾಡು ಮುಗಿದಾಗ ಇನ್ನೊಮ್ಮೆ ತೆಗೆಯೋಣವೆಂದು ಯಾರೂ ಅನ್ನಲಿಲ್ಲ, ಮತ್ತು ಅವನ ಎಡ ಭುಜದ ಹಿಂದೆ ಹಳದಿ ತೋಳು, ಅಗಲವಾದ ರೇಷ್ಮೆ ತೋಳು, ಚಪ್ಪಾಳೆಗೊಮ್ಮೆ ಬಾವುಟದ ಹಾಗೆ ಏಳುತ್ತದೆ, ಮುಖ ಅವನ ತಲೆಯ ಮರೆಯಲ್ಲಿ, ಕಾಣುವುದು ಗುಂಗುರು ಕೂದಲ ದುಂಡು ಗೋಪುರ ಮಾತ್ರ, ವಾರಗಳ ನಂತರ ಅದು ಟಿವಿಯಲ್ಲಿ ಬಂದಾಗ ಮಮ್ಮಾ ಚಪ್ಪಲಿ ಬಿಸಾಡಿ ಎದ್ದು ನಿಂತಳು, ನೋಡ್ರೇ, ನನ್ ಆರ್ಡೆಲ್ ನೋಡ್ರೇ, ಹಳದಿ ಹಾಕ್ಕೊಂಡೇ ಮನೆಯಿಂದ ಹೋಗಿದ್ಲಲ್ಲ, ಲಿನ್‌ವುಡ್ ಪೇಸ್ ಹಿಂದೆ ಹೆಂಗೆ ಕುಣೀತಾವ್ಳೆ ಚಿನ್ನ — ವರ್ನೀಸ್ ಕೂಡ ನೋಡಿದಳು, ಹೌದು ಎಂದುಕೊಂಡಳು, ಯಾಕಲ್ಲ, ಹಳದಿ ಅಂಗಿ ಆರ್ಡೆಲ್ ಆರಿಸಿದ್ದು, ತನ್ನದು ಕಂದು, ಅಂದಿನಿಂದ ಆರ್ಡೆಲ್ ಹಳದಿ ಹುಡುಗಿಯಾದಳು, ಮುಂದಿನ ವರ್ಷವೂ ಕರೆದರು, ಅದರ ಮುಂದಿನ ವರ್ಷವೂ, ವರ್ನೀಸಳಿಗೆ ಅಂಚೆ ಕಚೇರಿಯಲ್ಲಿ ಕೆಲಸ ಸಿಕ್ಕಿತು, ವಿಂಗಡಣೆಯ ವಿಭಾಗ, ನಿವೃತ್ತಿಯವರೆಗೆ ಅದೇ, ಜನ ಕೇಳುತ್ತಿದ್ದರು, ನೀನು ಆ ಹಳದಿಯವಳ ತಂಗಿಯಲ್ವಾ, ನೀನೂ ಕುಣೀತಿದ್ಯಾ, ಸ್ವಲ್ಪ, ಅನ್ನುತ್ತಿದ್ದಳು, ಮದುವೆಗಳಲ್ಲಿ ಜನ ಎರಡು ಸಾಲಾಗಿ ನಿಂತು ನಡುವೆ ದಾರಿ ಬಿಟ್ಟರೆ ಮೊದಲು ಕುಣಿಯುತ್ತಾ ಇಳಿದು ಬರಬೇಕಾದವಳು ಆರ್ಡೆಲ್, ಬೇರೆಯವರು ಕಾಲಿಟ್ಟರೆ ಜನ ಬೈಯುತ್ತಿದ್ದರು, ಮಂಡಿ ಹಾಳಾದ ಮೇಲೂ ಊರುಗೋಲು ಬೀಸುತ್ತಾ ಇಳಿದಳು, ವರ್ನೀಸ್ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದಳು, ಎರಡಕ್ಕೆ, ನಾಲ್ಕಕ್ಕೆ, ಕುಣಿತ ಮುಗಿದು ಏದುಸಿರು ಬಿಡುತ್ತಾ ಬಂದು ಆರ್ಡೆಲ್ ಪ್ರತಿ ಸಲವೂ ಅದೊಂದೇ ತಮಾಷೆ ಮಾಡುತ್ತಿದ್ದಳು, ಬೆಲೆಚೀಟಿ ಹೊರಗೆ ಬಂದಿರ್ಲಿಲ್ಲ ತಾನೇ ವರ್ನಿ, ಎಂದು ಇವಳ ಕತ್ತಿನ ಹಿಂದೆ ಬೆರಳಾಡಿಸುತ್ತಿದ್ದಳು, ತನ್ನ ಕತ್ತಿಗಲ್ಲ, ಇವಳ ಕತ್ತಿಗೆ, ತಣ್ಣನೆಯ ಹರಳು ತಾಗುತ್ತಿತ್ತು.

ತಡಿ, ಮತ್ತೆ ಮೊದಲಿಂದ ಹಾಕ್ತೀನಿ, ಹಾಡಿಗೆ ಮುಂಚಿನ್ದು ನೀನು ಸರಿಯಾಗಿ ನೋಡ್ಲಿಲ್ಲ — ವರ್ನೀಸ್ ನೋಡುತ್ತಾಳೆ, ಹಾಡು ಶುರುವಾಗಿಲ್ಲ, ಕ್ಯಾಮೆರಾ ಸುಮ್ಮನೆ ಹೊರಳುತ್ತಿದೆ, ಲಿನ್‌ವುಡ್ ಪೇಸ್ ಕಫ್ ಎಳೆದುಕೊಳ್ಳುತ್ತಿದ್ದಾನೆ, ಹಿಂದೆ ಹಳದಿ ಅಂಗಿಯವಳು ಬೆನ್ನು ತಿರುಗಿಸಿ ನಿಂತಿದ್ದಾಳೆ, ಕಾಲರಿನ ಮೇಲೆ ಬಿಳಿ ಚೂರೊಂದು ಎದ್ದು ನಿಂತಿದೆ, ಬೆಲೆಚೀಟಿ, ಅಯ್ಯೋ, ಈಗ ಚಿತ್ರೀಕರಣವಾಗಿಬಿಡುತ್ತದಲ್ಲ ಎಂದು ಇಷ್ಟು ವರ್ಷಗಳ ನಂತರ ಅವಳ ಕೈ ತಾನಾಗಿ ಸೋಫಾದಿಂದ ಏಳುತ್ತದೆ, ಆಗ ಪರದೆಯ ಎಡಗಡೆಯಿಂದ ಒಂದು ಕೈ ಬರುತ್ತದೆ, ಕೈ ಮಾತ್ರ, ಮಣಿಕಟ್ಟಿನವರೆಗೆ, ಕಂದು ತೋಳಿನ ಅಂಚು, ಬೆಲೆಚೀಟಿಯನ್ನು ಎರಡು ಬೆರಳಲ್ಲಿ ಕಾಲರಿನೊಳಗೆ ತುರುಕುತ್ತದೆ, ಮೇಲೆ ಒಮ್ಮೆ ಮೆಲ್ಲಗೆ ತಟ್ಟುತ್ತದೆ, ಹೊರಟುಹೋಗುತ್ತದೆ, ಹೋಗುವಾಗ ದೀಪಕ್ಕೆ ಕೆಂಪಗೆ ಏನೋ ಹೊಳೆಯುತ್ತದೆ — ಇನ್ನೊಂದ್ಸಲ ಹಾಕು — ಹಾಕಿದಳು, ಕೈ ಬಂತು, ತುರುಕಿತು, ತಟ್ಟಿತು, ಹೋಯಿತು, ಕೆಂಪು ಚುಕ್ಕೆ, ಆ ಹರಳು, ಹಾಗಾದರೆ ಕೋಳಿ ತಿಂದ ಮೇಲೆ, ಹೌದು, ಊಟವಾದ ಮೇಲೆ, ಹೆಂಗಸರ ಬಚ್ಚಲುಕೋಣೆಯಲ್ಲಿ ಹುಡುಗಿಯರೆಲ್ಲ ಬಟ್ಟೆ ಅದಲು ಬದಲು ಮಾಡಿಕೊಳ್ಳುತ್ತಿದ್ದರು, ವಾರ ವಾರಕ್ಕೆ ಬೇರೆ ಬಟ್ಟೆ ಕಾಣಬೇಕಲ್ಲ, ಇದ್ದದ್ದು ಆಯಾ ಶುಕ್ರವಾರ ತಂದಷ್ಟೇ, ಆ ನೂಕುನುಗ್ಗಲಿನಲ್ಲಿ ಆರ್ಡೆಲ್ ಕೈಯ ಎಣ್ಣೆಯನ್ನು ಕಾಗದಕ್ಕೆ ಒರೆಸಿ ಒರೆಸಿ ಹಳದಿ ಅಂಗಿ ಬಿಚ್ಚಿದಳು, ತಗೋ, ನೀ ಹಾಕ್ಕೋ, ಎಣ್ಣೆ ಗಿಣ್ಣೆ ತಾಗಿಸ್ಬಿಟ್ಟೀಯ ಮತ್ತೆ, ನಿನ್ ಕಂದುದ್ನ ಕೊಡು, ನಾ ಹಾಕ್ಕೊಂಡ್ರೆ ಅದೂ ಬಂಗಾರ ಆಗತ್ತೆ — ಇದು ನಡೆಯಿತು, ಚಿತ್ರೀಕರಣವಿದ್ದ ಪ್ರತಿ ವಾರಾಂತ್ಯವೂ ನಡೆಯುತ್ತಿತ್ತು, ಯಾವ ಹಾಡಿಗೆ ಯಾರ ಮೈಮೇಲೆ ಯಾವ ಅಂಗಿ ಎಂದು ಯಾರು ನೆನಪಿಟ್ಟರು, ವರ್ನೀಸಳ ಮುಂದೆ ಬಿಳಿ ಸೂಟಿನ ಬೆನ್ನಿತ್ತು, ಅದರ ಹೊಲಿಗೆಯ ಮೇಲೆ ಬೆವರಿನ ಪಟ್ಟಿ ಮೇಲಿಂದ ಕೆಳಗಿಳಿಯುವುದನ್ನು ಅವಳು ನೋಡಿದ್ದಳು, ಆ ಬೆನ್ನನ್ನು ಅಷ್ಟು ಹತ್ತಿರದಿಂದ ನೋಡಿದ್ದು ಹೇಗೆಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ, ಪತ್ರಗಳನ್ನು ವಿಳಾಸ ನೋಡಿ ಖಾನೆಗೆ ಹಾಕುತ್ತಾ ಬದುಕು ಕಳೆದವಳು ತನ್ನನ್ನೇ ತಪ್ಪು ಖಾನೆಗೆ ಹಾಕಿಕೊಂಡಿದ್ದಾಳೆ, ಹಳದಿ ತೋಳು ತನ್ನದು, ಲಿನ್‌ವುಡ್ ಪೇಸ್ ಹಿಂದೆ ಕುಣಿದವಳು ತಾನು, ಇದು ಗೊತ್ತಾದ ಮೇಲೆ ಏನಾದರೂ ಆಗಬೇಕಲ್ಲ, ಖುಷಿ, ಸಿಟ್ಟು, ಒಳಗೆ ಮುಟ್ಟಿ ನೋಡಿಕೊಳ್ಳುತ್ತಾಳೆ, ತುಟಿ ಇನ್ನೂ ಮರಗಟ್ಟಿದೆ, ಆರ್ಡೆಲ್‌ಗೆ ಗೊತ್ತಿತ್ತೇ, ಕೈ ಹಾಕಿದವಳಿಗೆ ಗೊತ್ತಿರದೆ ಇರುತ್ತದೆಯೇ, ಅಥವಾ ಮಮ್ಮಾ ಎದ್ದು ನಿಂತ ಆ ಕ್ಷಣದಲ್ಲಿ ಅವಳೂ ನಂಬಿಬಿಟ್ಟಳೇ, ಕೇಳಲು ಆಗುವುದಿಲ್ಲ, ಬೆಲೆಚೀಟಿ ಹೊರಗೆ ಬಂದಿರ್ಲಿಲ್ಲ ತಾನೇ ವರ್ನಿ, ಕತ್ತಿನ ಹಿಂದೆ ಬೆರಳು.

ಅಮ್ಮ ಎಷ್ಟು ತೆಳ್ಳಗಿದ್ಲು ಅಲ್ವಾ, ನಾಳೆ ಪರದೆ ಮೇಲೆ ಇದನ್ನ ನೋಡಿದ್ರೆ ಚರ್ಚೇ ಎದ್ದು ನಿಲ್ಲತ್ತೆ — ಡೆನೀಟ್ರಾ ಮೂಗು ಒರೆಸಿಕೊಳ್ಳುತ್ತಾಳೆ, ಇಷ್ಟು ದಿನದಲ್ಲಿ ಈಗಲೇ ಅವಳ ಮುಖಕ್ಕೆ ಸ್ವಲ್ಪ ಕಳೆ ಬಂದಿರುವುದು, ವರ್ನೀಸ್ ಬಾಯಿ ತೆರೆಯುತ್ತಾಳೆ, ಹೇಳಬಹುದು, ಇದು ನಿನ್ನ ಅಮ್ಮನಲ್ಲ ಮಗು, ನಾನು ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು, ಆಮೇಲೆ ನಾಳೆ ಪರದೆಯಲ್ಲಿ ಏನು ತೋರಿಸುವುದು, ಮುಂದಿನ ವರ್ಷಗಳ ಟೇಪುಗಳ ಮೇಲೆ ಬೇರೇನೋ ಚಿತ್ರೀಕರಿಸಿದರಂತೆ, ಉಳಿದಿಲ್ಲ, ಮದುವೆಗಳಲ್ಲಿ ತೆಗೆದದ್ದೆಲ್ಲ ನಿಂತ ಫೋಟೋ, ನಗುತ್ತಾ ಕ್ಯಾಮೆರಾ ನೋಡುವ ಆರ್ಡೆಲ್, ಅಲುಗದ ಆರ್ಡೆಲ್ — ಒಂದೇ ಆಂಟಿ, ಮೊದಲು ಬರತ್ತಲ್ಲ ಆ ಕೈ, ಅದು ಯಾರ್ದು, ನಿಂದೇ ಇರ್ಬೇಕು, ಅಡ್ಡ ಬಂದಂಗೆ ಕಾಣತ್ತೆ, ಅಷ್ಟನ್ನ ಕತ್ತರಿಸಿಬಿಡ್ತೀನಿ, ಅಮ್ಮ ಒಬ್ಳೇ ಇರ್ಲಿ — ಬೇಡ, ಅಂದಳು ವರ್ನೀಸ್, ದನಿ ದೂರದಿಂದ ಬಂತು, ತಂತಿಯಿಲ್ಲದ ಮೈಕಿನಿಂದ ಬಂದ ಹಾಗೆ, ಕತ್ತರಿಸ್ಬೇಡ, ಆ ಕೈ ಇರ್ಲಿ, ಉಳಿದಿದ್ದೆಲ್ಲ ಬೇಕಾದ್ರೆ ಕತ್ತರ್ಸು, ಆ ಕೈ ಮುಟ್ಬೇಡ — ಡೆನೀಟ್ರಾ ತಿರುಗಿ ನೋಡಿದಳು, ಅಳುವಿನ ನಡುವೆಯೇ ನಕ್ಕಳು, ಓಹೋ, ನಿಂಗೂ ನಾಳೆ ಚರ್ಚಲ್ಲಿ ಒಂಚೂರು ಹೆಸರು ಬೇಕು ಅನ್ನು, ಆಯ್ತು ಬಿಡು, ನಿನ್ ಕೈನೂ ಇರ್ಲಿ — ಹ್ಞೂಂ, ಅಂದಳು ವರ್ನೀಸ್, ಇರ್ಲಿ, ನಾಳೆ ಎಲ್ಲರೂ ಹಳದಿ ತೋಳನ್ನು ನೋಡಿ ಆರ್ಡೆಲ್ ಎಂದು ಕೂಗುತ್ತಾರೆ, ಹ್ಯಾಟಿ ಮೊಣಕೈಯಿಂದ ತಿವಿದು ನೀನೂ ಇದ್ದೀಯಲ್ಲೇ, ಕೈ ಕಾಣ್ತು ಅನ್ನುತ್ತಾಳೆ, ಅನ್ನಲಿ, ಮತ್ತೆ ಬಾಗಿಲ ಗಂಟೆ, ಯಾರೋ ಇನ್ನೊಂದು ಪಾತ್ರೆ ತಂದರು, ಡೆನೀಟ್ರಾ ಎದ್ದು ಹೋಗುತ್ತಾಳೆ, ಹೋಗುವ ಮುನ್ನ ಮೊದಲಿನಿಂದ ಹಾಕಿ ಹೋಗಿದ್ದಾಳೆ, ಪ್ಲೈವುಡ್ ಅಕ್ಷರಗಳು, ಬಿಳಿ ಸೂಟು, ಬೆನ್ನು ತಿರುಗಿಸಿ ನಿಂತ ಹುಡುಗಿ, ಅವಳ ಕಾಲರಿನ ಮೇಲೆ ಬೆಲೆಚೀಟಿ, ವರ್ನೀಸ್ ಕತ್ತು ಸ್ವಲ್ಪ ಬಗ್ಗಿಸಿ ಕೂರುತ್ತಾಳೆ, ಎಡಗಡೆಯಿಂದ ಕೈ ಬರುತ್ತದೆ, ಒಳಗೆ ತುರುಕುತ್ತದೆ, ಒಮ್ಮೆ ತಟ್ಟುತ್ತದೆ, ಹೋಗುತ್ತದೆ, ಕೆಂಪು, ವರ್ನೀಸ್ ಹಿಂದಕ್ಕೆ ಹಾಕುತ್ತಾಳೆ, ಮತ್ತೆ ಬೆಲೆಚೀಟಿ, ಮತ್ತೆ ಕೈ, ತಟ್ಟುತ್ತದೆ, ಕೈ,