ಹತ್ತು ನಲವತ್ತೊಂದರ ಮಸಾಲೆ

ನಮ್ಮ ಹೋಟೆಲು ಠಾಣೆ ರೈಲ್ವೆ ಸ್ಟೇಷನ್ನಿನಿಂದ ಮೂರು ನಿಮಿಷದ ದಾರಿ. ಓಡಿದರೆ ಒಂದೂವರೆ. ಬರುವವರೆಲ್ಲ ಲೋಕಲ್ ಹಿಡಿಯುವವರಾದ್ದರಿಂದ ಸಪ್ಲೈಯರ್ ಚೆನ್ನಯ ಪ್ರತಿ ಆರ್ಡರಿನ ಬಾಲಕ್ಕೆ ಗಿರಾಕಿ ಹಿಡಿಯುವ ಗಾಡಿಯ ಹೊತ್ತನ್ನೂ ಕಟ್ಟಿ ಕೂಗುತ್ತಿದ್ದ. "ಇಡ್ಲಿ ಒಂದು, ಎಂಟು ಹನ್ನೆರಡು!" "ಮಸಾಲೆ ಎರಡು, ಎಂಟು ಇಪ್ಪತ್ತೊಂಬತ್ತು!" ಯಾರ ತಟ್ಟೆ ಮೊದಲು ಹೋಗಬೇಕೆಂದು ಒಳಗೆ ಕಾವಲಿಯ ಮುಂದೆ ನಿಂತ ಮಾಪಣ್ಣನಿಗೆ ಅಷ್ಟರಲ್ಲೇ ಗೊತ್ತಾಗುತ್ತಿತ್ತು. ಚೆನ್ನಯನ ಮನೆಮಾತು ತುಳು, ಮಾಪಣ್ಣನದು ಕಲಬುರಗಿಯ ಕನ್ನಡ. ಇಬ್ಬರಿಗೂ ಸಮಾನವಾಗಿ ತಿಳಿಯುವ ಭಾಷೆ ಎಂದರೆ ರೈಲ್ವೆ ಟೈಮ್‌ಟೇಬಲ್.

ಎರಡು ಸಾವಿರದ ಹದಿನೈದರಲ್ಲಿ ನನ್ನ ಭಾವ ಲೀಲಾಧರ, ಎಂದರೆ ಹೋಟೆಲಿನ ಧಣಿ, ಒಂದು ಮಿಶೀನು ತಂದರು. ಇಲ್ಲಿ ಗುಂಡಿ ಒತ್ತಿದರೆ ಅಡುಗೆಮನೆಯಲ್ಲಿ ಚೀಟಿ ಉದುರುತ್ತದೆ. ಗಲ್ಲೆಯ ಮೇಲೆ ಕೂತು ದುಡ್ಡು ಎಣಿಸುವ ನನ್ನನ್ನು ಯಾರೂ ಕೇಳಲಿಲ್ಲ, ಬಿಡಿ. ಚೆನ್ನಯನಿಗೆ ಅರವತ್ತು ಹತ್ತಿರವಾಗಿತ್ತು, ಆ ಸಣ್ಣ ಗುಂಡಿಗಳು ಅವನ ಬೆರಳಿಗೂ ಕಣ್ಣಿಗೂ ಬಗ್ಗಲಿಲ್ಲ. ಚೌತಿಯೊಳಗೆ ಕಲಿಯದಿದ್ದರೆ ಊರಿಗೆ ಹೋಗಿ ಆರಾಮವಾಗಿರು ಎಂದರು ಭಾವ. ಊರಿನಲ್ಲಿ ಅವನಿಗೆ ಇದ್ದದ್ದು ಒಂದು ರೇಷನ್ ಕಾರ್ಡು, ಅದರಲ್ಲೂ ಹೆಸರು ತಪ್ಪು.

ಆ ಹೊತ್ತಿಗೆ ಬಂದವಳು ಪ್ರೇಕ್ಷಾ. ಇಲ್ಲೇ ಹತ್ತಿರದ ಕೋಪರಖೈರಣೆಯ ಹುಡುಗಿ, ಅಜ್ಜ ಕಾರ್ಕಳದವರು. ನಾವು ಕನ್ನಡದಲ್ಲಿ ಕೇಳಿದ್ದು ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ರವಿವಾರ ಜನರನ್ನು ಕಟ್ಟಿಕೊಂಡು ಹಳೇ ಠಾಣೆ, ಹಳೇ ಕಲ್ಯಾಣ ಎಂದು ಊರು ತೋರಿಸುವುದು ಅವಳ ಕಸುಬು; ಹೆರಿಟೇಜ್ ವಾಕ್ ಎನ್ನುತ್ತಾರೆ. ಚೆನ್ನಯನ ಕೂಗಿನ ಕಥೆ ಅಜ್ಜನಿಂದ ಕೇಳಿದ್ದಳು. ಜನಕ್ಕೆ ಹಿಡಿಸಿದರೆ ಪ್ರತಿ ರವಿವಾರ ಇಲ್ಲೇ ನಾಷ್ಟಾ ಎಂದಳು. ಭಾವ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, ಹಾಗಾದರೆ ಚೆನ್ನಯ ಇರಲಿ, ಹಿಡಿಸದಿದ್ದರೆ ಮಿಶೀನು ಇರಲಿ ಎಂದು ತೀರ್ಮಾನ ಕೊಟ್ಟರು.

ರವಿವಾರ ಹದಿನಾಲ್ಕು ಜನ ಬಂದರು. ಭಾವ ಎಲ್ಲಿಂದಲೋ ಒಂದು ಕೆಂಪು ಮುಂಡಾಸು ತಂದು ಚೆನ್ನಯನ ತಲೆಗೆ ಸುತ್ತಿಸಿದ್ದರು. ನಮ್ಮ ಹೋಟೆಲಿನಲ್ಲಿ ಯಾವ ಕಾಲಕ್ಕೂ ಯಾರೂ ಅಂಥದ್ದು ಕಟ್ಟಿದವರಲ್ಲ. ಹದಿನಾಲ್ಕು ಫೋನು ಮೇಲೆದ್ದವು. ಚೆನ್ನಯ, "ಮಸಾಲೆ ಎರಡು..." ಎಂದು ಶಾಲೆಯ ಹಾಜರಿ ಓದಿದ ಹಾಗೆ ಹೇಳಿ ನಿಂತುಬಿಟ್ಟ.

ಮಾಪಣ್ಣ ಒಳಗಿನಿಂದ ತಲೆ ಹೊರಗೆ ಹಾಕಿದ. "ಯಾವ ಗಾಡಿ ಅಂತ ಹೇಳಲಾರ್ದ ನಾ ಹ್ಯಾಂಗ ದ್ವಾಸಿ ಹಾಕ್ಲೋ?"

"ಅಂಕಲ್, ಟೈಮ್ ಭೀ ಬೋಲೋ ನಾ, ಕುಛ್ ಭೀ," ಎಂದಳು ಪ್ರೇಕ್ಷಾ.

"ಕುಛ್ ಭೀ ಅಂತ ಬಾಯಿಗೆ ಬಂದದ್ದು ಹೇಗೆ ಕೂಗುದು ಮಗಾ? ಎಂಟು ಹನ್ನೆರಡು ಹೋಗಿ ಎರಡು ಗಂಟೆ ಆಯ್ತು. ಇವರಿಗೆ ಹಿಡಿಲಿಕ್ಕೆ ಗಾಡಿಯೇ ಇಲ್ಲ. ಸುಳ್ಳು ಗಾಡಿ ಹೇಳಿದ್ರೆ ಒಳಗಿನವ ನಾಳೆಯಿಂದ ನನ್ನನ್ನು ನಂಬ್ತಾನಾ?"

ಫೋನುಗಳು ಒಂದೊಂದಾಗಿ ಕೆಳಗಿಳಿದವು. ಇದೆಲ್ಲ ನಾಟಕ ಎಂದು ಒಬ್ಬ ಮರಾಠಿಯಲ್ಲಿ ಗೊಣಗಿದ. ಭಾವ ಮಿಶೀನಿನ ಮೇಲಿನ ಧೂಳು ಒರೆಸತೊಡಗಿದರು. ಚೆನ್ನಯ ನೆಲ ನೋಡುತ್ತ ನಿಂತಿದ್ದ.

ಅಷ್ಟರಲ್ಲಿ ಪ್ರೇಕ್ಷಾಳ ಫೋನಿಗೆ ಸಂದೇಶ ಬಂತು. ಮೆಗಾ ಬ್ಲಾಕು. ಹಳಿ ರಿಪೇರಿಗೆಂದು ರವಿವಾರ ಗಾಡಿ ನಿಲ್ಲಿಸುವುದು ನಮಗೆ ಹೊಸದಲ್ಲ, ಹುಡುಗಿ ಮರೆತಿದ್ದಳು. ವಾಕಿನ ಉಳಿದರ್ಧ ಕಲ್ಯಾಣದಲ್ಲಿ, ಅಲ್ಲಿಗೆ ನಂಬಬಹುದಾದ ಕೊನೆಯ ಗಾಡಿ ಹತ್ತು ನಲವತ್ತೊಂದು. ಆಗಲೇ ಹತ್ತು ಇಪ್ಪತ್ತೆರಡು. ಜನ ಚೀಲ ಹೆಗಲಿಗೇರಿಸಿ ಎದ್ದರು.

ಚೆನ್ನಯ ತಲೆ ಎತ್ತಿದ. "ಎಲ್ಲ ಹತ್ತು ನಲವತ್ತೊಂದಾ?"

ಪ್ರೇಕ್ಷಾ ಹೌದೆಂದು ತಲೆಯಾಡಿಸಿದಳು.

ಮುಂಡಾಸು ಬಿಚ್ಚಿ ನನ್ನ ಗಲ್ಲೆಯ ಮೇಲೆ ಎಸೆದ. "ಕೂತ್ಕೊಳ್ಳಿ ಮಾರಾಯ್ರೆ. ಮಸಾಲೆ ಎಂಟು, ಇಡ್ಲಿ ಆರು, ಕಾಫಿ ಹದಿನಾಲ್ಕು, ಹತ್ತು ನಲವತ್ತೊಂದು!"

ಷೋಕೇಸಿನ ಗಾಜು ಅದುರಿತು. ಒಳಗಿನಿಂದ "ಬಂತ್!" ಎಂಬ ಉತ್ತರ, ಅದರ ಹಿಂದೆಯೇ ಕಾವಲಿಯ ಚುಂಯ್. ಚೆನ್ನಯನ ಒಂದೇ ತೋಳಿನ ಮೇಲೆ ಐದು ತಟ್ಟೆ ಬಂದವು. ಕಾಫಿ ಕಪ್ಪಿನ ಕೆಳಗಿನ ಬಸಿಗೆ ಸುರಿದು ಕುಡಿಯಿರಿ, ಬೇಗ ಆರುತ್ತದೆ ಎಂದು ಒಬ್ಬರಿಗೆ ಹೇಳಿದ. ನಾಟಕ ಎಂದಿದ್ದವನೂ ಸೇರಿ ಎಲ್ಲರೂ ಸುರಿದರು. ಹತ್ತು ಮೂವತ್ತಾರಕ್ಕೆ ಕೊನೆಯವರು ಕೈ ಒರೆಸಿಕೊಳ್ಳುತ್ತ ಓಡಿದರು. ವಿಡಿಯೋ ಒಬ್ಬರೂ ಮಾಡಲಿಲ್ಲ. ಕೈಗೆಲ್ಲ ಸಾಂಬಾರ್.

ಮರುದಿನ ಪ್ರೇಕ್ಷಾಳ ಫೋನು ಬಂತು. ನನ್ನೊಡನೆ ಮೊದಲ ಸಲ ಕನ್ನಡದಲ್ಲಿ ಮಾತಾಡಿದಳು, ತಡವರಿಸುತ್ತ. "ಎಲ್ಲ ಜನ ನಿಮ್ದೇ ಮಾತಾಡ್ತಿದ್ರು, ಅಂಕಲ್. ನಾವು ಪ್ರತಿ ರವಿವಾರ ಬರ್ತೇವೆ. ಹಿಡಿಲಿಕ್ಕೆ ಗಾಡಿ ಇಟ್ಕೊಂಡೇ ಬರ್ತೇವೆ."

ಈಗ ಮಿಶೀನು ಪಾರ್ಸೆಲ್ ಆರ್ಡರಿಗೆ ಮಾತ್ರ. ಮುಂಡಾಸಿನಲ್ಲಿ ಭಾವ ಸ್ಕೂಟರ್ ಒರೆಸುತ್ತಾರೆ. ಚೆನ್ನಯ ರವಿವಾರ ಬೆಳಿಗ್ಗೆ ಬಾಗಿಲಲ್ಲಿ ಕೈ ಚಾಚಿ ನಿಲ್ಲುತ್ತಾನೆ. ಟಿಪ್ಸಿಗೆ ಎಂದುಕೊಂಡು ಹೊಸಬರು ಜೇಬು ತಡಕಿದರೆ, ಅದಲ್ಲ, ಕಲ್ಯಾಣದ ಟಿಕೆಟ್ ತೋರಿಸಿ ಎನ್ನುತ್ತಾನೆ. ಇಲ್ಲದವರಿಗೂ ದೋಸೆ ಉಂಟು, ಕೂಗು ಇಲ್ಲ.